ಟವಲ್ ಒಳಗಿನ ದರ

ಎರ್ರಮ್ಮನ ವಿಷಯ ನನ್ನ ಕಿವಿಗೆ ಮೊದಲು ಬಿದ್ದದ್ದು ನಾನು ಕುರುಗೋಡಿಗೆ ಸೊಸೆಯಾಗಿ ಬಂದ ಅರವತ್ತೇಳನೇ ಇಸವಿಯಲ್ಲಿ. ಸಂತೆಯಿಂದ ಬಂದ ನಮ್ಮ ಮನೆಯವರು ಕಾಲು ತೊಳೆಯುತ್ತಾ ನಗುತ್ತಿದ್ದರು. "ಇವತ್ತು ಒಬ್ಬಾಕಿ ಟವಲ್ ಕೆಳಗ ಕೈ ಹಾಕಿದ್ಲು ನೋಡು!"

ಆಗ ಮೆಣಸಿನಕಾಯಿ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವ, ಮಾರುವವ ಇಬ್ಬರೂ ಕೈಗಳ ಮೇಲೆ ಟವಲ್ ಮುಚ್ಚಿಕೊಂಡು ಬೆರಳು ಒತ್ತಿ ಕುದುರಿಸುತ್ತಿದ್ದರು. ವಿಧವೆ ಎರ್ರಮ್ಮನ ಪರವಾಗಿ ಕೈ ಕೊಡುತ್ತಿದ್ದವನು ಅವಳ ಮೈದುನ. ಒಳಗೆ ಒಂದು ದರಕ್ಕೆ ಒಪ್ಪಿ, ಇವಳಿಗೆ ಕಡಿಮೆ ಹೇಳುತ್ತಿದ್ದ. ಅದು ತಿಳಿದ ದಿನ ಅವಳೇ ಕೈ ಚಾಚಿದಳು.

ಕಾಯಿ ಕೊಳ್ಳಲು ಬಂದ ಸಾಹುಕಾರ ಕೈ ಹಿಂದಕ್ಕೆಳೆದುಕೊಂಡನಂತೆ. "ನಿನ್ನ ಕೈ ಹಿಡಿದ್ರ ನನ್ನ ಹೆಂಡ್ತಿ ಮನಿಯಾಗ ಸೇರಿಸ್ತಾಳೇನಬೇ?"

"ಹಂಗಾದ್ರ ಬಾಯಿಲೇ ಹೇಳ್ರಿ ಸಾವ್ಕಾರ್ರ. ನನ್ನ ಕಿವಿ ನೆಟ್ಟಗ ಅದಾವು."

ಬಾಯಲ್ಲಿ ಹೇಳಿದರೆ ಇಡೀ ಸಂತೆಗೆ ದರ ತಿಳಿಯುತ್ತದಲ್ಲ! ಅಂದಿನಿಂದ ಅವಳ ರಾಶಿಯ ಹತ್ತಿರ ಯಾರೂ ಸುಳಿಯಲಿಲ್ಲ. ಮಕ್ಕಳ ವರ್ಷದ ಜೋಳ ಆ ಕಾಯಿಯಿಂದಲೇ ಬರಬೇಕು. ಕಾಯಿ ನೋಡಿದರೆ ಬಣ್ಣ ಕಳೆದುಕೊಳ್ಳುತ್ತಿತ್ತು. ಕಡೆಗೆ ನಮ್ಮ ಅಂಗಳಕ್ಕೆ ಬಂದು, "ತಂಗಿ, ನಿನ್ನ ಗಂಡನ್ನ ಕಳಿಸಬೇ, ನನ್ನ ಕೈ ನಡ್ಯಾಂಗಿಲ್ಲ" ಅಂದಳು.

ನಮ್ಮ ಮನೆಯವರು ಹೋಗಿ ಮಾರಿಸಿಕೊಟ್ಟರು. ಅದೇ ವಾರ ಬಳ್ಳಾರಿಯಿಂದ ನನಗೊಂದು ಹೊಸ ಸೀರೆ ತಂದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಎರ್ರಮ್ಮನಿಗೆ ಸಿಕ್ಕಿದ್ದು ಯುಗಾದಿಯ ತನಕವೂ ಸಾಲಲಿಲ್ಲ. ಹೊಲ ಮೈದುನನಿಗೇ ಬಿಟ್ಟು, ಮಕ್ಕಳನ್ನು ಕರೆದುಕೊಂಡು ಸಿರುಗುಪ್ಪದ ಕಡೆ ಭತ್ತ ನಾಟಿಯ ಕೂಲಿಗೆ ಹೊರಟಳು. ಬಸ್ಸಿನ ಹತ್ತಿರ ಎದುರಾದಾಗ ನನ್ನ ಸೀರೆಯ ಸೆರಗು ಮುಟ್ಟಿ ನೋಡಿ ಕೇಳಿದಳು:

"ಖರೇ ಹೇಳು ತಂಗಿ, ನಿನ್ನ ಗಂಡ ಟವಲ್ ಒಳಗ ಎಷ್ಟಕ್ಕ ಒಪ್ಪಿದ್ದ?"