ಡಬ್ಬದ ಪಾಕ, ತವರಿನ ಬೆಲ್ಲ

ಮೆಕ್ಕೆಜೋಳದ ಪಾಕ ಮೈಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಓದಿದವರು ಈಗ ವಾದ ಮಾಡುತ್ತಾರೆ. ಮಾಡಲಿ. ಆ ಜಗಳವನ್ನು ನಾನು ಅರವತ್ತರ ದಶಕದಲ್ಲೇ, ಅತ್ತೆಯ ಅಡಿಗೆಮನೆಯಲ್ಲಿ ಆಡಿ ಮುಗಿಸಿದ್ದೇನೆ.

ತಮಿಳು ಸೀಮೆಯಲ್ಲಿ ನೆಲೆಸಿದ ನಮ್ಮ ಕನ್ನಡದವರಲ್ಲಿ ಮದುವೆಯ ಕಜ್ಜಾಯಕ್ಕೆ ಬೆಲ್ಲ ಬರಬೇಕಾದದ್ದು ಹಿರಿಸೊಸೆಯ ತವರಿನಿಂದ. ನಾದಿನಿಯ ಮದುವೆ ಗೊತ್ತಾದಾಗ ಆ ಸೊಸೆ ನಾನಾಗಿದ್ದೆ. ಆ ವರ್ಷ ಕಬ್ಬಿನ ಬುಡದಲ್ಲಿ ನೀರು ನಿಂತು, ಕಂಬಂ ಹತ್ತಿರದ ನಮ್ಮಪ್ಪನ ಆಲೆಮನೆಯಲ್ಲಿ ಬೆಲ್ಲ ಕಪ್ಪಗೆ ಬಂದಿತ್ತು. ಅಪ್ಪ ಅದನ್ನೇ ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದ.

ದಿಂಡಿಗಲ್ಲಿನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ಚಿಕ್ಕಮಾವ ಒಂದು ಡಬ್ಬ ಹಿಡಿದು ಬಂದರು. ಒಳಗೆ ಮೆಕ್ಕೆಜೋಳದ ಪಾಕ. ನೋಡಲು ನೀರಿನಷ್ಟು ತಿಳಿ.

"ಆ ಕರೀ ಬೆಲ್ಲ ತಳ್ಳಿ ಇದ ಹಾಕಮ್ಮಾ. ತಿಂಗಳಾದ್ರೂ ಕಜ್ಜಾಯ ಮೆತ್ತಗೇ ಇರ್ತದೆ. ನಾಲಿಗೆಗೆ ಸಿಹಿ ಆದ್ರೆ ಆಯ್ತಲ್ಲ!"

ಬೆರಳಲ್ಲಿ ನೆಕ್ಕಿ ನೋಡಿದೆ. ಸಿಹಿ ಏನೋ ಇತ್ತು, ಸುಳ್ಳು ಹೇಳಲಾರೆ. ಆದರೆ ವಾಸನೆಯೇ ಇಲ್ಲ. ಯಾರ ಹೊಲದ್ದು, ಯಾರು ಕುದಿಸಿದ್ದು, ಒಂದೂ ಗೊತ್ತಾಗದು. ನನಗೆ ಮೈಯೆಲ್ಲ ಉರಿಯಿತು.

"ಬ್ಯಾಡ ಮಾವ. ನಮ್ಮಪ್ಪ ಇನ್ನೂ ಬದುಕವ್ನೆ," ಎಂದೆ.

ಅತ್ತೆ ಸೌಟು ಕುಕ್ಕಿದರು. "ಬೀಗ್ರ ಮುಂದೆ ಕಲ್ಲು ಕಜ್ಜಾಯ ಇಟ್ಟು ಮಾನ ಕಳದ್ರೆ, ಬೆಲ್ಲದ ಕೂಡವೇ ನೀನೂ ತವರಿಗೆ ಹೋಗು."

"ಹೋಗ್ತೀನಿ ಅತ್ತೆ. ಮೊದ್ಲು ಈ ಬೆಲ್ಲದ ಪಾಕ ಎತ್ತಿಬುಡ್ತೀನಿ."

ನನ್ನ ಗಂಡ ದನ ಕಟ್ಟುವ ನೆಪದಲ್ಲಿ ಹಿತ್ತಿಲು ಸೇರಿದ. ಒಬ್ಬಳೇ ಒಲೆಯ ಮುಂದೆ ಕೂತೆ. ಸಿಟ್ಟಿನಲ್ಲಿ ಪಾಕದ ಹದವೂ ಮೀರಿತು. ಕಜ್ಜಾಯ ಕಪ್ಪಗೆ, ಗಟ್ಟಿಯಾಗಿ ಬಂದವು. ಆದರೂ ಡಬ್ಬ ಮುಟ್ಟಲಿಲ್ಲ.

ಬೆಲ್ಲ ತಂದವಳೇ ಮೊದಲ ಕಜ್ಜಾಯ ಕಚ್ಚಬೇಕು. ಅದೂ ನಮ್ಮ ಪದ್ಧತಿ. ತೇನಿಯಿಂದ ಬಂದ ಬೀಗರ ಎದುರು ಕಚ್ಚಿದೆ. ಕಟಕ್ ಎಂದಿತು. ಯಾರೋ ಕಿಸಕ್ಕನೆ ನಕ್ಕರು. ನಾನು ತಲೆ ತಗ್ಗಿಸಲಿಲ್ಲ. ಅಗಿದು ನುಂಗಿ, ತಟ್ಟೆಯನ್ನು ಅವರ ಮುಂದೆ ತಳ್ಳಿದೆ.

ಮದುವೆ ಗಂಡಿನ ಅಜ್ಜಿಗೆ ಹಲ್ಲೇ ಇರಲಿಲ್ಲ. ಒಂದು ಚೂರು ಬಾಯಲ್ಲಿಟ್ಟು, ಕಣ್ಣು ಮುಚ್ಚಿ, ನಿಧಾನಕ್ಕೆ ಚೀಪಿದರು. ಅತ್ತೆಯ ಮುಖ ನೋಡುವ ಧೈರ್ಯ ನನಗೂ ಇರಲಿಲ್ಲ.

"ಈ ಬೆಲ್ಲ ಯಾರ ಆಲೇದು?" ಎಂದರು ಅಜ್ಜಿ, ಇನ್ನೊಂದು ಚೂರಿಗೆ ಕೈ ಚಾಚುತ್ತ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗಟ್ಟಿಯಾಗಿ ಹೇಳಿದರು:

"ನಮ್ ಸೊಸೆ ಅಪ್ಪಂದು."