ಸಾವಕ್ಕನ ಲಕೋಟೆ

ಶಿಗ್ಲಿಯಿಂದ ಲಕ್ಷ್ಮೇಶ್ವರದ ಮೇಲೆ ಗದಗಕ್ಕೆ ಹೋಗುವ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿದ್ದ ಲಕ್ಕಪ್ಪನಿಗೆ ಒಂದು ಕಾದಂಬರಿ ಬರೆಯುವ ಹುಚ್ಚಿತ್ತು. ಎರಡು ಸಲ ನೋಟ್‌ಬುಕ್ಕು ಹಿಡಿದು ಮೊದಲಿನಿಂದ ಬರೆಯತೊಡಗಿ, ಮೂವತ್ತನೇ ಪುಟಕ್ಕೇ ಕೈಚೆಲ್ಲಿದ್ದ. ನಿವೃತ್ತನಾದ ಮೇಲೆ ತನ್ನದೇ ದಾರಿ ಕಂಡುಕೊಂಡ. ಒಂದೊಂದು ಪಾತ್ರಕ್ಕೆ ಒಂದೊಂದು ಹಳೇ ಲಗ್ನಪತ್ರಿಕೆಯ ಲಕೋಟೆ. ಬಸ್ಸಿನಲ್ಲಿ ಕೇಳಿದ ಮಾತು ನೆನಪಾದಾಗಲೆಲ್ಲ ಚೀಟಿ ಬರೆದು ಅದರೊಳಗೆ ತುರುಕುತ್ತಿದ್ದ. ಲಕೋಟೆ ಉಬ್ಬಿದ ಮೇಲೆ ಚೀಟಿಗಳನ್ನು ಮಂಚದ ಮೇಲೆ ಹರವಿ, ಹಿಂದುಮುಂದು ಮಾಡಿ ಅಧ್ಯಾಯ ಕಟ್ಟುತ್ತಿದ್ದ.

ಎಲ್ಲಕ್ಕಿಂತ ದಪ್ಪಗಾದದ್ದು ಸಾವಕ್ಕನ ಲಕೋಟೆ. ಕರಿಬೇವಿನ ಗಂಟು ಹೊತ್ತು ದಿನಾ ಬಸ್ಸೇರುತ್ತಿದ್ದ ಆಕೆ, ಒಮ್ಮೆ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಮನಸ್ಸು ಬಿಚ್ಚಿದ್ದಳು. ಮಗಳು ಮಂಜುಳಾ ತಾನು ಹೆತ್ತವಳಲ್ಲ, ಹೆರಿಗೆಯಲ್ಲಿ ತೀರಿಕೊಂಡ ಅಕ್ಕನ ಕೂಸು. ಮಗಳಿಗೂ ಇದು ಗೊತ್ತಿಲ್ಲ.

"ಯಾರ ಮುಂದೂ ಹೇಳಬ್ಯಾಡೋ ತಮ್ಮಾ," ಎಂದಿದ್ದಳು.

ಲಕ್ಕಪ್ಪ ಹೆಸರು ಬದಲಿಸಿದ, ಊರು ಬದಲಿಸಿದ. ಆದರೆ ಕರಿಬೇವನ್ನೂ ಆಕೆಯ ಬಲಗೈಯಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದ ಎರಡು ಬೆರಳನ್ನೂ ಬಿಡಲು ಮನಸ್ಸಾಗಲಿಲ್ಲ. ಆ ಅಧ್ಯಾಯ ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ಮುಂಡರಗಿಗೆ ಮದುವೆಯಾಗಿ ಹೋಗಿದ್ದ ಮಂಜುಳಾ ಅದನ್ನು ಓದಿ, ತಾಯಿಯ ಜೊತೆ ಮಾತು ಬಿಟ್ಟಳು.

ಖಬರು ಲಕ್ಕಪ್ಪನ ಕಿವಿಗೆ ಬಿತ್ತು. ಮೂರನೇ ದಿನ ಪತ್ರಿಕೆಯನ್ನೂ ಲಕೋಟೆಯನ್ನೂ ಹಿಡಿದು ಸಾವಕ್ಕನ ಊರಾದ ಶಿಗ್ಲಿಗೆ ಹೋದ. ಕಟ್ಟೆಯ ಮೇಲೆ ಕರಿಬೇವಿನ ಸೂಡು ಕಟ್ಟುತ್ತಿದ್ದ ಸಾವಕ್ಕ ತಲೆ ಎತ್ತಲಿಲ್ಲ.

"ತಪ್ಪಾತು ಯಕ್ಕಾ. ಹೆಸರು ಬದಲಿ ಮಾಡೇನಲ್ಲ ಅಂತ ನನಗ ನಾನ ಸಮಾಧಾನ ಹೇಳ್ಕೊಂಡೆ."

"ಹೆಸರು ಬದಲಿ ಮಾಡಿದಿ. ಬೆರಳು ಯಾಕ ಹಂಗ ಬಿಟ್ಟಿ?"

ಉತ್ತರ ಗೊತ್ತಿತ್ತು, ಹೇಳಲು ನಾಚಿಕೆ.

"ಕತಿಯೊಳಗ ಛಲೋ ಕಾಣತಿತ್ತು," ಎಂದ ಕೊನೆಗೆ.

"ಏನ ಬರದಿ, ಓದು."

ಓದಿದ. ಕೂಸನ್ನು ಕಂಡೊಡನೆ ಎದೆಗವಚಿಕೊಂಡಳು ಎಂಬಲ್ಲಿಗೆ ಬಂದಾಗ ಆಕೆ ಕೈಯೆತ್ತಿ ತಡೆದಳು.

"ಸುಳ್ಳದು. ಮೂರು ದಿನ ನಾ ಅದರ ಮಾರಿ ನೋಡಲಿಲ್ಲ. ನಮ್ಮಕ್ಕನ್ನ ತಿಂದಾಕಿ ಅಂತ ಸಿಟ್ಟಿತ್ತು. ಇದನ್ನೆಲ್ಲಾ ಒಂದಿನ ನಾನ ನನ್ನ ಮಗಳಿಗೆ ಹೇಳಬೇಕಂತಿದ್ದೆ. ಆ ದಿನಾನ ನೀ ಕಸಗೊಂಡಿ."

ಲಕ್ಕಪ್ಪ ಲಕೋಟೆಯನ್ನು ಆಕೆಯ ಮುಂದಿಟ್ಟು ಎದ್ದು ಬಂದ.

ಮುಂದೆ ಬರೆಯುವುದನ್ನೇನೂ ಬಿಡಲಿಲ್ಲ. ಆದರೆ ಲಕೋಟೆ ಬಿಚ್ಚುವ ಮೊದಲು ಆಯಾ ಮನುಷ್ಯರ ಮನೆಬಾಗಿಲಿಗೆ ಹೋಗಿ ಕೇಳತೊಡಗಿದ. ಏಳು ಜನರಲ್ಲಿ ನಾಲ್ವರು ಬೇಡವೆಂದರು; ಅವರ ಚೀಟಿಗಳನ್ನು ಅವರೆದುರೇ ಹರಿದ.

ತಿಂಗಳ ಮೇಲೆ ಮಂಜುಳಾ ಬಂದು ತಾಯಿಯ ಹತ್ತಿರ ಎಂಟು ದಿನ ಇದ್ದು ಹೋದಳೆಂದು ಯಾರೋ ಹೇಳಿದರು. ಇಬ್ಬರೂ ಏನು ಮಾತಾಡಿದರೆಂದು ಲಕ್ಕಪ್ಪ ಕೇಳಲಿಲ್ಲ.