ಮೇಡಂ ಹಾಕಿದ ಓರೆಗೆರೆ

ಆ ಭಾನುವಾರ ಹಸುವಿಗೆ ಹುಲ್ಲು ಹಾಕಿದೆ, ಹಾಲು ಕರೆದು ಡೈರಿಗೆ ಕೊಟ್ಟು ಬಂದೆ, ಮಿಲ್ಲಿನಲ್ಲಿ ರಾಗಿ ಹಿಟ್ಟು ಮಾಡಿಸಿದೆ, ಸೋರುತ್ತಿದ್ದ ನಲ್ಲಿಗೆ ವಾಷರ್ ಬದಲಾಯಿಸಿದೆ, ಸ್ಕೂಟರಿಗೆ ಗಾಳಿ ಹೊಡೆಸಿದೆ, ಹೆಂಡತಿಯ ಎರಡು ಸೀರೆಗೆ ಇಸ್ತ್ರಿ ಹಾಕಿದೆ. ಇಷ್ಟನ್ನೂ ಅವತ್ತೇ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಬರೆಯದೆ ಬಿಟ್ಟಿದ್ದು ಮಧ್ಯಾಹ್ನದ ಮೇಲೆ ನಡೆದದ್ದು.

ನನ್ನ ಹೆಂಡತಿ ಮಾಗಡಿ ಕಡೆಯ ಸರ್ಕಾರಿ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಡಂ. ಎರಡು ಪದಗಳ ನಡುವೆ ಎಳೆಯುವ ಓರೆಗೆರೆ, ಅದೇ ಸ್ಲ್ಯಾಷ್, ಅವಳ ಕೆಂಪು ಪೆನ್ನಿಗೆ ಸಿಕ್ಕದೆ ದಾಟುವುದು ಕಷ್ಟ. ಪದ್ಯದ ಎರಡು ಸಾಲನ್ನು ಒಂದೇ ಸಾಲಿನಲ್ಲಿ ಬರೆಯುವಾಗ ಮಧ್ಯೆ ಸ್ಲ್ಯಾಷ್ ಹಾಕು, ಅದರ ಎರಡು ಪಕ್ಕವೂ ಜಾಗ ಬಿಡು, ಸಾಲು ಅಲ್ಲಿ ಉಸಿರಾಡಬೇಕು ಎನ್ನುತ್ತಾಳೆ. ಎರಡು ಬಿಡಿ ಪದಗಳ ನಡುವೆಯಾದರೆ ಜಾಗ ಬಿಡಬೇಡ. ಯಾವ ಪದ ಬೇಕೆಂದು ತೀರ್ಮಾನ ಮಾಡಲಾಗದೆ ಹಾಕುವುದಾದರೆ ಹಾಕಲೇಬೇಡ, ಅದು ಸೋಮಾರಿಯ ಊರುಗೋಲು. ಒಮ್ಮೆ ನನ್ನ ನೋಟ್‌ಬುಕ್ಕಿನಲ್ಲಿ 'ಹಾಲು/ಮೊಸರು ತಂದೆ' ಎಂದಿದ್ದನ್ನು ನೋಡಿ, "ಏನ್ರೀ ತಂದಿದ್ದು? ಹಾಲೋ ಮೊಸರೋ? ಫ್ರಿಜ್ ತೆಗೆದು ನೋಡ್ಬೇಕಾ ನಾನು?" ಎಂದು ಕೇಳಿದ್ದಳು. ಇಪ್ಪತ್ತು ವರ್ಷದಲ್ಲಿ ನನಗೂ ಅಷ್ಟೋ ಇಷ್ಟೋ ಪಾಠವಾಗಿದೆ.

ಅಂಥವಳು ಆ ವಾರ ಹತ್ತನೇ ತರಗತಿಗೆ ಒಂದು ಪರೀಕ್ಷೆ ಕೊಟ್ಟಿದ್ದಳು. ಸೋಲೂರು ಕಡೆಯಿಂದ ಬರುವ ಒಬ್ಬ ಹುಡುಗಿ, ತರಗತಿಗೇ ಮುಂದಿರುವವಳು, ಮೇಡಂ ಲೆಕ್ಕದಲ್ಲಿ ಒಂದು ಬರೆದರೆ ಸಾಕಿದ್ದ ಪ್ರಬಂಧ, ಪತ್ರ ಎರಡನ್ನೂ ಉದ್ದುದ್ದ ಬರೆದು, ಟೈಮ್ ಸಾಲದೆ ಕೊನೆಯ ಎರಡು ಪುಟ ಖಾಲಿ ಬಿಟ್ಟಿದ್ದಳು. ಪೇಪರು ಹಂಚುವಾಗ ನನ್ನ ಹೆಂಡತಿ ಎಲ್ಲರ ಎದುರಿಗೆ, "ಪ್ರಶ್ನೆ ಓದೋಕೂ ಬರಲ್ವಾ ನಿಂಗೆ?" ಎಂದುಬಿಟ್ಟಳಂತೆ. ತರಗತಿ ನಕ್ಕಿತು. ಮಾರನೆಯ ದಿನದಿಂದ ಹುಡುಗಿ ಬರಲಿಲ್ಲ. ಎಸ್ಸೆಸ್ಸೆಲ್ಸಿಯನ್ನೇ ಬರೆಯುವುದಿಲ್ಲ ಎಂದಳೆಂದು ಶನಿವಾರ ಅವಳ ಗೆಳತಿ ಸುದ್ದಿ ಕೊಟ್ಟಳು.

ಭಾನುವಾರ ಊಟದ ಮೇಲೆ ಹೆಂಡತಿ ಆ ಪ್ರಶ್ನೆಪತ್ರಿಕೆಯನ್ನು ತೆಗೆದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಳ್ಳಿದಳು. ಪ್ರಬಂಧ ಮತ್ತು/ಅಥವಾ ಪತ್ರ ಬರೆಯಿರಿ ಎಂದು ಇಂಗ್ಲಿಷಿನಲ್ಲಿತ್ತು. ಮೊಬೈಲಿನಲ್ಲಿ ಅವಸರದಿಂದ ಟೈಪ್ ಮಾಡಿದವಳು ಅವಳೇ.

"ಎರಡೂ ಬರಿ ಅಂತ ನಾನೇ ಹೇಳಿದೀನಿ ಕಣ್ರೀ," ಎಂದಳು. "ಸ್ಕೂಟರ್ ತೆಗೀರಿ."

ಸೋಮವಾರ ಹೇಳಿ ಕಳಿಸಿದರಾಯಿತು ಎಂದೆ. ಅವಳು ಆಗಲೇ ಚಪ್ಪಲಿ ಹಾಕುತ್ತಿದ್ದಳು.

ನಾವು ಹುಡುಗಿಯ ಮನೆ ತಲುಪಿದಾಗ ತೆಂಗಿನಕಾಯಿ ಸುಲಿಯುತ್ತಿದ್ದ ಅವಳ ಅಪ್ಪ ಎದ್ದು ಚಾಪೆ ಹಾಸಿದರು. "ಕೂತ್ಕಳಿ ಮೇಡಂ. ಒಳ್ಗೆ ಸೇರ್ಕಂಡವ್ಳೆ, ಯಾರ್ ಕರುದ್ರೂ ಬರಾಕಿಲ್ಲ. ನೀವೇ ಒಸಿ ಬೈದು ಕರ್ಕಂಡೋಗಿ."

"ಬೈಯೋಕೆ ಬಂದಿಲ್ಲ ಅಣ್ಣ. ಬೈಸ್ಕೊಳ್ಳೋಕೆ ಬಂದಿದೀನಿ. ತಪ್ಪು ನಂದು."

ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿ ತಲೆಯೆತ್ತಿದರು. "ಓದ್ಸೋರೇ ತಪ್ಪು ಮಾಡುದ್ರೆ ನಾವ್ ಹೆಬ್ಬೆಟ್ಟೋರೇ ವಾಸಿ ಬುಡವ್ವ."

"ಅವತ್ತೊಂದಿನ ನೀವೇ ವಾಸಿ ಕಣಜ್ಜಿ," ಎಂದಳು ನನ್ನ ಹೆಂಡತಿ.

ಹುಡುಗಿ ಬಾಗಿಲ ಸಂದಿಗೆ ಬಂದು ನಿಂತಳು. "ಮಿಸ್, ಎರಡೂ ಬರೀಬೋದು ಅಂತಾನೇ ಐತಲ್ವಾ ಅದ್ರಲ್ಲಿ?"

"ಐತೆ. ನೀನು ಓದಿದ್ದು ಸರಿ. ನಾನು ಬರೆದಿದ್ದು ತಪ್ಪು. ಎಲ್ಲಾರ್ಗೂ ಇನ್ನೊಂದು ಪೇಪರ್ ಕೊಡ್ತೀನಿ."

"ಬೈದಿದ್ದು ಎಲ್ಲಾರ್ ಮುಂದೆ. ಈಗ ನಮ್ಮನೇಲಿ ಬಂದು ಹೇಳ್ತಾ ಇದೀರಾ."

ಅಪ್ಪ, "ಏಯ್, ಮೇಡಂಗೆ ಹಿಂಗಾ ಮಾತಾಡೋದು?" ಎಂದು ಗದರಿದರು. ನನ್ನ ಹೆಂಡತಿ ಅವರ ಕಡೆ ಕೈ ಎತ್ತಿ ತಡೆದಳು. ಅವಳ ಮುಖ ನನಗೆ ಗೊತ್ತು. ಶಾಲೆಯ ಉಳಿದ ಮೇಷ್ಟರುಗಳ ಮುಂದೆ, ಅದರಲ್ಲೂ ಸ್ಲ್ಯಾಷ್ ವಿಷಯದಲ್ಲಿ, ತಪ್ಪೊಪ್ಪಿಕೊಳ್ಳುವುದು ಅವಳಿಗೆ ಎಷ್ಟು ಕಷ್ಟವೆಂಬುದೂ ಗೊತ್ತು.

"ನಾಳೆ ಪ್ರೇಯರ್ ಆದ್ಮೇಲೆ ಮೈಕಲ್ಲಿ ಹೇಳ್ತೀನಿ," ಎಂದಳು. "ನಿನ್ನ ಕ್ಲಾಸಿಗಲ್ಲ, ಇಡೀ ಸ್ಕೂಲಿಗೆ. ನೀನಿದ್ರೆ ಹೇಳೋಕೆ ಧೈರ್ಯ ಬರುತ್ತೆ."

ಹುಡುಗಿ ತಿರುಗಿ ಒಳಗೆ ಹೋದಳು. ಕೆಲಸ ಕೆಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಕೇಳಿಸಿತು: "ಅವ್ವಾ, ನನ್ ಯೂನಿಫಾರಂ ಒಗ್ದಿದೀಯಾ ಇಲ್ವಾ?"

ಹೊರಡುವಾಗ ಅಪ್ಪ ಹೊಲದ ಅವರೆಕಾಯಿಯನ್ನು ಚೀಲಕ್ಕೆ ತುಂಬಿ ಸ್ಕೂಟರಿಗೆ ನೇತುಹಾಕಿದರು, ಬೇಡವೆಂದರೂ ಬಿಡಲಿಲ್ಲ. ಮನೆಗೆ ಬಂದವಳೇ ಹೆಂಡತಿ ಹೊಸ ಪೇಪರು ಬರೆಯಲು ಕೂತಳು. ಎರಡರಲ್ಲಿ ಯಾವುದಾದರೂ ಒಂದನ್ನು ಮಾತ್ರ ಬರೆಯಿರಿ ಎಂದು ಪೂರ್ತಿ ವಾಕ್ಯ ಬರೆದು, ನನ್ನಿಂದ ಎರಡು ಸಲ ಓದಿಸಿದಳು. ಹೆಂಡತಿಯನ್ನು ನಾನು ಹೊಗಳುವುದು ಕಡಿಮೆ. ಅವತ್ತು ಹೊಗಳಬೇಕೆನಿಸಿತು; ಅವರೆಕಾಯಿ ಬಿಡಿಸಲು ಕೂತೆ.

ರಾತ್ರಿ ಮುದ್ದೆ, ಅವರೆಕಾಳಿನ ಸಾರು, ಮೇಲೆ ಒಂದು ಲೋಟ ಮಜ್ಜಿಗೆ. ಮೂರು ರಾತ್ರಿಯಿಂದ ಹೊರಳಾಡುತ್ತಿದ್ದವಳು ಕೈ ಒರೆಸಿಕೊಂಡು ಮಲಗಿದವಳೇ ನನಗಿಂತ ಮೊದಲು ನಿದ್ದೆಹೋದಳು.